ಕೋಟಿನ ಭುಜದ ಹೊಲಿಗೆ

ಜೂನ್ 3

ಗೀಚು,

ಈ ಬರೆಯುವ ಶಿಕ್ಷೆಯನ್ನು ನನಗೆ ಯಾಕೆ ಕೊಟ್ಟೆ ಅಂತ ಮೊದಲು ಹೇಳು. ನಾನು ಐದನೇ ತರಗತಿಗೇ ಸ್ಲೇಟು ಬಿಸಾಕಿ ಕತ್ತರಿ ಹಿಡಿದವಳು. ಆಮೇಲೆ ಪೆನ್ಸಿಲ್ ಮುಟ್ಟಿದ್ದೆಲ್ಲ ಗಿರಾಕಿಗಳ ಎದೆ, ಸೊಂಟ, ತೋಳಿನ ಅಳತೆ ಗುರುತು ಹಾಕಿಕೊಳ್ಳಲು. ಈಗ ನೀನು ಬರೆದ ಚಿತ್ರಕಥೆ ಪುಸ್ತಕದ ಜೊತೆ ಚೀಟಿ ಇಟ್ಟು, "ದೊಡ್ಡಮ್ಮ, ಐದನೇ ಭಾಗ ಓದಿ ಅನ್ನಿಸಿದ್ದನ್ನ ಬರೀರಿ, ಆರನೇ ಭಾಗದ ಕೊನೆಗೆ ಓದುಗರ ಪುಟದಲ್ಲಿ ಹಾಕ್ತೀನಿ" ಅಂದಿದ್ದೀಯ. ಫೋನಿನಲ್ಲೇ ಬೈದು ಮುಗಿಸೋಣವೆಂದರೆ ಹೊಲಿಗೆ ಮಷೀನಿನ ಸದ್ದಿಗೆ ನನ್ನ ಕಿವಿ ಎಂದೋ ಕೈಕೊಟ್ಟಿದೆ. ನಾನು ಬೈದದ್ದು ನಿನಗೆ ಕೇಳಿಸುತ್ತದೆ, ನೀನು ತಿರುಗಿ ಬೈದದ್ದು ನನಗೆ ಕೇಳಿಸುವುದಿಲ್ಲ. ಅದೂ ಒಂದು ಜಗಳವೇ? ಆದ್ದರಿಂದ ಬರೆಯುತ್ತಿದ್ದೇನೆ. ತಪ್ಪುಗಳನ್ನು ನೀನೇ ತಿದ್ದಿಕೋ.

ಮೊದಲ ಸಲ ಓದಿದಾಗ ನಿನಗೆ ತಲೆ ಕೆಟ್ಟಿದೆ ಅಂದುಕೊಂಡೆ. ಚಿತ್ರದ ಚೌಕಗಳನ್ನು ಬಟ್ಟೆಯ ಉದ್ದ ನೋಡುವ ಹಾಗೆ ಮೇಲಿನಿಂದ ಕೆಳಕ್ಕೆ ಓದುತ್ತಾ ಹೋದೆ. ಬಾವಿಗೆ ಬಿದ್ದು ಸತ್ತ ಕಾವಲುಗಾರ ಕೆಳಗಿನ ಚೌಕದಲ್ಲಿ ಆರಾಮಾಗಿ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ಹಿಂದಿನ ನಾಲ್ಕು ಭಾಗಗಳಲ್ಲಿ ನಾನು ಬರೀ ಚಿತ್ರ ನೋಡಿದ್ದೆ, ಓದಿರಲಿಲ್ಲ, ಆದ್ದರಿಂದ ಈ ತೊಂದರೆ ಬಂದಿರಲಿಲ್ಲ. ಪಕ್ಕದ ಗುಂಡಿ ಅಂಗಡಿಯವಳು ಬಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಕ್ಕ, ಅಡ್ಡಡ್ಡ ಓದ್ಬೇಕು. ಹೀಗೆ ಓದಿದ್ರೆ ಸತ್ತವರೆಲ್ಲ ಎದ್ದು ಬರ್ತಾರೆ."

"ಬರ್ಲಿ ಬಿಡೇ. ಹೊಲಿಸೋಕೆ ಕೊಟ್ಟು ತಗೊಂಡು ಹೋಗದೆ ಸತ್ತವರ ಬಟ್ಟೆ ಇಲ್ಲೇ ನೇತಾಡ್ತಿದೆ" ಅಂದೆ.

ಅಡ್ಡಡ್ಡ ಓದಿದ ಮೇಲೆ ಅರ್ಥವಾದದ್ದು ಇಷ್ಟು. ಊರಿನ ಗಂಟೆ ಕಳುವಾಗಿದೆ. ಗಂಟೆ ಬಾರಿಸುವ ಹುಡುಗಿ, ಆ ನಿನ್ನ ಗಂಟೆಗಾರ್ತಿ, ಅದನ್ನು ಹುಡುಕಿ ನಾಲ್ಕು ಭಾಗ ಅಲೆದು ಈಗ ಬೂದಿ ಕೋಟೆಯೊಳಗೆ ಕಾಲಿಟ್ಟಿದ್ದಾಳೆ. ಕೋಟೆಯ ಬಾಗಿಲು ಬಾಗಿಲಿಗೂ ತೂಕದವನು ಅನ್ನುವವನೊಬ್ಬ ದೊಡ್ಡ ತಕ್ಕಡಿ ಇಟ್ಟುಕೊಂಡು ಕೂತಿದ್ದಾನೆ. ತಟ್ಟೆಯ ಮೇಲೆ ನಿಂತವರಿಂದ ಒಂದು ನೆನಪನ್ನು ಕಿತ್ತುಕೊಂಡು ಒಳಗೆ ಬಿಡುತ್ತಾನೆ. ಅವನ ಮುಖವನ್ನು ನೀನು ಒಂದು ಕಡೆಯೂ ಬರೆದಿಲ್ಲ. ಬಿಳಿ ನಿಲುವಂಗಿ, ಬಿಳಿ ಕೈ, ಅದರ ಮೇಲೆ ಕತ್ತಲು. ಅವಳು ಯಾವ ಬಾಗಿಲಿಗೆ ಹೋದರೂ ಅವನು ಮೊದಲೇ ಅಲ್ಲಿರುತ್ತಾನೆ. ಎದ್ದದ್ದೂ ಕಾಣಿಸುವುದಿಲ್ಲ, ಓಡಿದ್ದೂ ಕಾಣಿಸುವುದಿಲ್ಲ. ಅದು ನನಗೆ ಹಿಡಿಸಲಿಲ್ಲ. ಹಿಡಿಸಲಿಲ್ಲ ಅಂದರೆ ಹೆದರಿಕೆಯಾಯಿತು, ಬರೆದುಕೋ. ಸಂಜೆ ಅಂಗಡಿ ಮುಚ್ಚುವಾಗ ಅಳತೆಯ ಗೊಂಬೆ ಮೂಲೆಯಲ್ಲಿ ಬಿಳಿ ಬಟ್ಟೆ ಹೊದ್ದು ನಿಂತಿತ್ತು. ನಾನು ಅಂಗಡಿ ತೆರೆದ ದಿನದಿಂದ ಅದು ಅಲ್ಲೇ ಇದೆ. ಮೊನ್ನೆ ಮಾತ್ರ ಅದಕ್ಕೆ ಬೆನ್ನು ಕೊಡಲು ಧೈರ್ಯ ಸಾಲದೆ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ಟು ಬಾಗಿಲು ದಾಟಿದೆ. ಈ ವಯಸ್ಸಿನಲ್ಲಿ ನನಗೆ ಇದೆಲ್ಲ ಬೇಕಿತ್ತಾ?

ಇನ್ನು ತಕರಾರುಗಳು. ಕೊನೆಯ ಬಾಗಿಲಿನಲ್ಲಿ ಅವಳು ತಟ್ಟೆಯ ಮೇಲಿಡಲು ಒಂದು ಕಾಲು ಎತ್ತಿದ್ದಾಳೆ. ಇಟ್ಟಳೋ ಇಲ್ಲವೋ ಹೇಳದೆ ಪುಸ್ತಕ ಮುಗಿಸಿದ್ದೀಯ. ಒಂದೇ ತೋಳು ಹಚ್ಚಿದ ಅಂಗಿಯನ್ನು ನಾನು ಗಿರಾಕಿಗೆ ಕೊಟ್ಟರೆ ಮುಖಕ್ಕೆ ಎಸೆಯುತ್ತಾರೆ. ಎರಡನೆಯದು, ಇಡೀ ಪುಸ್ತಕದಲ್ಲಿ ಅವಳ ಒಂದು ಕೈ ಕೋಟಿನ ಒಳಗೇ ಇದೆ. ಕೈ ಬರೆಯಲು ಸೋಮಾರಿತನ. ಬೆರಳು ಬರೆಯುವುದು ಕಷ್ಟ ಅಂತ ನೀನು ಚಿಕ್ಕವಳಿದ್ದಾಗಲೂ ಎಲ್ಲರ ಕೈಯನ್ನೂ ಬೆನ್ನ ಹಿಂದೆ ಅಡಗಿಸುತ್ತಿದ್ದೆ.

ಮೂರನೆಯದು ನನ್ನ ಮರ್ಯಾದೆಯ ಪ್ರಶ್ನೆ. ನಾನು ನಿನಗೆ ಹೊಲಿದುಕೊಟ್ಟ ಉಣ್ಣೆ ಕೋಟನ್ನೇ ಅವಳಿಗೆ ಮೊದಲ ಭಾಗದಿಂದ ತೊಡಿಸಿದ್ದೀಯ. ಸಂತೋಷ. ಆದರೆ ಈ ಭಾಗದಲ್ಲಿ ಭುಜದ ಹೊಲಿಗೆ ಮೂಳೆಯ ಮೇಲೆ ಕೂತಿಲ್ಲ, ತೋಳಿನ ಮೇಲಕ್ಕೆ ಜಾರಿ ಬಿದ್ದಿದೆ. ಹಾಗೆ ಹೊಲಿದವಳ ಕೈ ಕಡಿಯಬೇಕು. ನೋಡಿದವರು ಅದು ನನ್ನ ಕೆಲಸ ಅಂದುಕೊಳ್ಳುತ್ತಾರೆ. ಆರನೇ ಭಾಗದಲ್ಲಿ ತಿದ್ದು.

ದೊಡ್ಡಮ್ಮ


ಜೂನ್ 19

ದೊಡ್ಡಮ್ಮ,

ನಿಮ್ಮ ಪತ್ರವನ್ನು ಯಜಮಾನರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರು ಬೆಳಿಗ್ಗೆಯ ರೈಲು ಓಡಿಸಿ ಆಗಷ್ಟೇ ಬಂದಿದ್ದರು. ಬೂಟು ಬಿಚ್ಚುವುದನ್ನೂ ಮರೆತು ನಕ್ಕರು. "ನಿನ್ನ ದೊಡ್ಡಮ್ಮನ್ನ ಆ ಕೋಟೆಗೆ ಕಳಿಸು, ತೂಕದವನು ತಕ್ಕಡಿ ಬಿಟ್ಟು ಓಡ್ತಾನೆ" ಅಂದರು. ಒಂದಕ್ಷರ ಬದಲಾಯಿಸದೆ ಓದುಗರ ಪುಟಕ್ಕೆ ಹಾಕುತ್ತೇನೆ. ಗೊಂಬೆಗೆ ಬೆನ್ನು ಕೊಡದೆ ನಡೆದಿರಲ್ಲ, ಅದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಯಾರಿಂದಲೂ ಬಂದಿಲ್ಲ.

ಭುಜದ ವಿಷಯದಲ್ಲಿ ನಾನು ನಿರಪರಾಧಿ. ಗಂಟೆಗಾರ್ತಿಯ ಮುಖವನ್ನು ತಲೆಯಿಂದ ಬರೆಯುತ್ತೇನೆ. ಮೊದಲ ಭಾಗದಲ್ಲಿ ಕೂತ ಅಚ್ಚೇ ಅದು, ಕಣ್ಣು ಮುಚ್ಚಿದರೂ ಬರುತ್ತದೆ. ಮೈಯನ್ನು ಮಾತ್ರ, ಕೋಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತು, ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಬಟ್ಟೆಯ ಮಡಿಕೆ ಊಹೆಯಿಂದ ಬರುವುದಿಲ್ಲ ಅಂತ ನೀವೇ ಹೇಳಿಕೊಟ್ಟದ್ದು. ಆದ್ದರಿಂದ ತಪ್ಪು ನನ್ನದೂ ಅಲ್ಲ, ನಿಮ್ಮದೂ ಅಲ್ಲ. ಒಗೆದೂ ಒಗೆದೂ ಸಡಿಲ ಆಗಿದೆ, ಅಷ್ಟೇ.

ಆರನೇ ಭಾಗ ಸ್ವಲ್ಪ ನಿಂತಿದೆ. ಎತ್ತಿದ ಆ ಕಾಲನ್ನು ಏನು ಮಾಡುವುದು ಅಂತ ನನಗೂ ತಿಳಿಯುತ್ತಿಲ್ಲ. ಪ್ರಕಾಶಕರು ದಿನಾ ಕೇಳುತ್ತಾರೆ. ನಾನು ಚೆನ್ನಾಗಿದ್ದೇನೆ. ನಿಮ್ಮ ಮಂಡಿ ಹೇಗಿದೆ?

ಗೀಚು


ಜೂನ್ 26

ಗೀಚು,

ಮಂಡಿ ಹಾಳಾಗಿ ಹೋಗಲಿ. ನಿನ್ನ ಪತ್ರದ ಒಂದು ಸಾಲು ಓದಿ ನಡು ಮಧ್ಯಾಹ್ನ ಅಂಗಡಿಯ ಷಟರ್ ಎಳೆದುಬಿಟ್ಟೆ. ಒಳಗೆ ಅಂಗಿ ಹಾಕಿ ನೋಡುತ್ತಿದ್ದ ಗಿರಾಕಿಯೊಬ್ಬಳು ಹೆದರಿ ಕೂಗಿಕೊಂಡಳು. ಅವಳನ್ನು ಹೊರಗೆ ಬಿಟ್ಟು ಮತ್ತೆ ಎಳೆದೆ.

ಒಗೆದೂ ಒಗೆದೂ ಸಡಿಲ ಆಗಿದೆ ಅಂದೆಯಲ್ಲ. ಯಾರಿಗೆ ಹೇಳುತ್ತಿದ್ದೀಯ? ಅದು ಉಣ್ಣೆ. ಒಗೆದರೆ ಉಣ್ಣೆ ಕುಗ್ಗುತ್ತದೆ, ಹಿಗ್ಗುವುದಿಲ್ಲ. ಆಮೇಲೆ ಕುಗ್ಗಬಾರದು ಅಂತ ಕತ್ತರಿಸುವ ಮೊದಲೇ ಬಿಸಿನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಹಾಕಿದವಳು ನಾನು. ಆ ಕೋಟು ಇದ್ದ ಹಾಗೇ ಇದೆ. ಅದರೊಳಗಿರುವುದು ಇದ್ದ ಹಾಗಿಲ್ಲ.

ಕಟಿಂಗ್ ಮೇಜಿನ ಮೇಲೆ ಐದೂ ಭಾಗಗಳನ್ನು ಸಾಲಾಗಿ ಬಿಚ್ಚಿಟ್ಟು ಟೇಪು ಹಿಡಿದೆ. ಷಟರ್ ಕೆಳಗಿನಿಂದ ತೂರಿ ಬಂದ ಗುಂಡಿಯವಳು ತಕರಾರು ತೆಗೆದಳು. "ಅಕ್ಕ, ಒಂದು ಚಿತ್ರ ದೊಡ್ಡದು, ಒಂದು ಚಿಕ್ಕದು. ಟೇಪಲ್ಲಿ ಅಳೆದ್ರೆ ಏನು ಬಂತು?" ಹೌದಲ್ಲ ಅನ್ನಿಸಿತು. ಆಮೇಲೆ ಕಾಲರಿನ ಗುಂಡಿಯನ್ನೇ ಅಳತೆ ಮಾಡಿಕೊಂಡೆ. ಚಿತ್ರ ಹಿಗ್ಗಿದರೆ ಗುಂಡಿಯೂ ಹಿಗ್ಗುತ್ತದೆ, ಕುಗ್ಗಿದರೆ ಕುಗ್ಗುತ್ತದೆ. ಮೊದಲ ಮೂರು ಭಾಗಗಳಲ್ಲಿ ಹೊಲಿಗೆ ಮೂಳೆಯ ಮೇಲೆ. ನಾಲ್ಕನೆಯದರ ಕೊನೆಗೆ ಒಂದು ಗುಂಡಿಯಗಲ ಕೆಳಗೆ. ಐದನೆಯದರಲ್ಲಿ ಎರಡು. ಗುಂಡಿಯವಳು ಆಮೇಲೆ ನಗಲಿಲ್ಲ.

ಕೇಳು. ಆ ಮಾತನ್ನು ನಾನು ಮೊದಲ ಸಲ ಕೇಳುತ್ತಿಲ್ಲ. ನಿನ್ನಮ್ಮ ತನ್ನ ರವಿಕೆ ಹಿಡಿದು ಇದೇ ಮೇಜಿನ ಮುಂದೆ ನಿಂತು ಇದೇ ಮಾತು ಹೇಳಿದ್ದಳು. "ಒಗೆದೂ ಒಗೆದೂ ಸಡಿಲ ಆಗಿದೆ ಅಕ್ಕ, ಸ್ವಲ್ಪ ಹಿಡಿದು ಬಿಗಿ ಮಾಡಿ ಕೊಡು." ನೀನು ಆಗ ಮೇಜಿನ ಕೆಳಗೆ ಕೂತು ನನ್ನ ಸೀಮೆಸುಣ್ಣದಲ್ಲಿ ನೆಲವೆಲ್ಲ ಗೀಚುತ್ತಿದ್ದೆ. ನಿನ್ನ ಕಿವಿಗೆ ಬಿದ್ದಿತ್ತೋ ಏನೋ. ಆ ಮಾತು ಎಲ್ಲಿಗೆ ಹೋಗಿ ಮುಟ್ಟಿತು ಅಂತ ನಾನು ನಿನಗೆ ಬರೆಯಬೇಕಾಗಿಲ್ಲ.

ಆ ರೈಲಿನವನು ಏನು ಮಾಡುತ್ತಿದ್ದಾನೆ? ಹಳಿ ಮೇಲೆ ಒಂದು ಮೈಲಿ ದೂರದ ಕೆಂಪು ದೀಪ ಕಾಣುವವನಿಗೆ ಮನೆಯಲ್ಲಿ ಹೆಂಡತಿ ಕರಗುವುದು ಕಾಣುವುದಿಲ್ಲವೇ? ಹೊಟ್ಟೆಗೆ ಹಾಕುತ್ತಾನೋ ಇಲ್ಲವೋ? ಹೊಡೆಯುತ್ತಾನೆಯೇ? ಪತ್ರವನ್ನು ಗಟ್ಟಿಯಾಗಿ ಓದಿ ಹೇಳಿದೆ ಅಂದೆ. ಓದಿ ಹೇಳಬೇಕು ಅಂತ ಅವನು ಕೇಳುತ್ತಾನೆಯೇ? ಈ ಪತ್ರವನ್ನೂ ಓದಿ ಹೇಳು. ನನ್ನ ಕತ್ತರಿ ಇನ್ನೂ ಮೊಂಡಾಗಿಲ್ಲ ಅಂತ ಅವನಿಗೆ ಗೊತ್ತಾಗಲಿ.

ದೊಡ್ಡಮ್ಮ


ಜುಲೈ 4

ದೊಡ್ಡಮ್ಮನವರಿಗೆ,

ಯಜಮಾನರ ಬಗ್ಗೆ ಇನ್ನೊಂದು ಸಲ ಹಾಗೆ ಬರೆಯಬೇಡಿ. ಅವರು ಮನೆಯಲ್ಲಿದ್ದ ದಿನ ಅಡುಗೆ ಅವರದೇ. ತಟ್ಟೆ ಖಾಲಿ ಆಗುವವರೆಗೆ ಎದುರಿಗೆ ಕೂತಿರುತ್ತಾರೆ. ನಿಮ್ಮ ಪತ್ರವನ್ನು ಅವರಿಗೆ ಓದಿ ಹೇಳಲಿಲ್ಲ. ಓದಿದ್ದರೆ ನಿಮಗೇ ನಾಚಿಕೆಯಾಗುತ್ತಿತ್ತು.

ಗಂಟೆಗಾರ್ತಿ ಸಣ್ಣಗಾಗಿರುವುದು ಬೇಕೆಂದೇ ಮಾಡಿದ್ದು. ತೂಕದವನು ಬಾಗಿಲು ಬಾಗಿಲಿಗೂ ಅವಳ ತೂಕ ಕಿತ್ತುಕೊಳ್ಳುತ್ತಾನೆ, ಅವಳು ಹಗುರಾಗುತ್ತಾ ಹೋಗುತ್ತಾಳೆ. ಕಥೆಗೆ ಅದು ಬೇಕು. ಹೆದರಿಸುವ ಪುಸ್ತಕ ಓದಿ ನೀವು ಹೆದರಿದ್ದೀರಿ, ಅಷ್ಟೇ ಆಗಿರುವುದು.

ಅಮ್ಮನನ್ನು ಇದರೊಳಗೆ ಎಳೆಯಬೇಡಿ. ನಿಮ್ಮ ಪತ್ರವನ್ನು ಓದುಗರ ಪುಟಕ್ಕೆ ಹಾಕುವುದಿಲ್ಲ. ಈ ವಿಷಯ ಇಲ್ಲಿಗೆ ಸಾಕು.

ನಿಮ್ಮ ತಂಗಿಯ ಮಗಳು


ಜುಲೈ 10

ಗೀಚು,

ಇದಕ್ಕೆ ಮೊದಲು ಬರೆದ ಎರಡು ಪತ್ರಗಳನ್ನು ನಾನೇ ಹರಿದು ಹಾಕಿದೆ. ಅವು ಬಂದಿದ್ದರೆ ನೀನು ನನ್ನ ಮುಖ ನೋಡುತ್ತಿರಲಿಲ್ಲ.

ಅಳಿಯನ ವಿಷಯದಲ್ಲಿ ನಾನು ಬರೆದದ್ದು ತಪ್ಪು. ಎದುರಿಗೆ ಕೂತು ಉಣ್ಣಿಸುವವನ ಮೇಲೆ ಕತ್ತರಿ ಎತ್ತಿದೆ. ಇಷ್ಟನ್ನು ಬೇಕಾದರೆ ಓದಿ ಹೇಳು.

ಆದರೆ ಗೀಚು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನಿನ್ನ ಉತ್ತರ. ಮೊದಲ ಪತ್ರದಲ್ಲಿ ಕೋಟು ಸಡಿಲ ಆಗಿದೆ ಅಂದೆ. ಎರಡನೆಯದರಲ್ಲಿ ಬೇಕೆಂದೇ ಅವಳನ್ನು ಸಣ್ಣ ಮಾಡಿದೆ ಅಂದೆ. ಎರಡೂ ನಿಜವಾಗಲು ಸಾಧ್ಯವಿಲ್ಲ. ತೂಕದವನು ಕಿತ್ತುಕೊಳ್ಳುವುದು ನೆನಪನ್ನು, ಮಾಂಸವನ್ನಲ್ಲ. ಪುಸ್ತಕದಲ್ಲಿ ನೀನೇ ಹಾಗೆ ಬರೆದಿದ್ದೀಯ. ಅದೂ ಹೋಗಲಿ. ಹುಡುಗಿಯೊಬ್ಬಳನ್ನು ಸಣ್ಣ ಮಾಡಿ ತೋರಿಸಬೇಕು ಅಂತಿದ್ದವರು ಮೊದಲು ಕೆನ್ನೆ ಇಳಿಸುತ್ತಾರೆ. ನಿನ್ನ ಗಂಟೆಗಾರ್ತಿಯ ಕೆನ್ನೆ ಐದೂ ಭಾಗದಲ್ಲಿ ಗುಂಡಗೆ ಇದೆ, ಊದಿದ ಪೂರಿಯ ಹಾಗೆ. ಮುಖ ತಲೆಯಿಂದ ಬಂದದ್ದು, ಅದಕ್ಕೆ ಏನೂ ಗೊತ್ತಿಲ್ಲ. ಮೈ ಕನ್ನಡಿಯಿಂದ ಬಂದದ್ದು. ನಿನ್ನ ಕೈ ಬರೆಯುತ್ತಾ ಹೋಯಿತು, ನಿನಗೆ ಹೇಳಲಿಲ್ಲ.

ನಿನ್ನಮ್ಮನನ್ನು ಎಳೆಯಬೇಡ ಅಂದೆ. ಒಂದೇ ಸಲ ಎಳೆಯುತ್ತೇನೆ, ಆಮೇಲೆ ಬಿಡುತ್ತೇನೆ. ಅವಳು ಆ ಮಾತು ಹೇಳಿದ ದಿನ ನಾನು ನಂಬಲಿಲ್ಲ. ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. ಕೂಗಿದ್ದು ಸರಿಯೇ, ಇವತ್ತೂ ಅದನ್ನೇ ಹೇಳುತ್ತೇನೆ. ಆದರೆ ಅವಳು ನಿನ್ನ ಕೈ ಹಿಡಿದುಕೊಂಡು ಅಂಗಡಿಯ ಮೆಟ್ಟಿಲು ಇಳಿದು ಹೋದವಳು ಮತ್ತೆ ಹತ್ತಲಿಲ್ಲ. ಮಾತು ಬಿಟ್ಟಳು. ಆಮೇಲೆ ನಾನು ಅವಳನ್ನು ನೋಡಿದ್ದು ಆಸ್ಪತ್ರೆಯ ಮಂಚದ ಮೇಲೆ. ನಿನ್ನ ಪತ್ರದ ಕೆಳಗೆ ಗೀಚು ಅಂತ ಇರಲಿಲ್ಲ, ತಂಗಿಯ ಮಗಳು ಅಂತ ಇತ್ತು. ಅದನ್ನು ನೋಡಿದಾಗ ಆ ಮೆಟ್ಟಿಲು ನೆನಪಾಯಿತು. ನನಗೆ ಆ ತೂಕದವನಿಗಿಂತ ಆ ಮೆಟ್ಟಿಲ ಭಯ ಹೆಚ್ಚು. ಆದ್ದರಿಂದ ಈ ಸಲ ನಾನು ಕೂಗುವುದಿಲ್ಲ. ನೋಡು, ಎಷ್ಟು ಮೆಲ್ಲಗೆ ಬರೆಯುತ್ತಿದ್ದೇನೆ.

ಒಂದೇ ಒಂದು ಕೇಳುತ್ತೇನೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂತಾರೆ. ಬೆನ್ನ ಹುಣ್ಣಿಗೆ ಬೇಕು. ಕೋಟು ಹಾಕಿಕೊಂಡು ಕನ್ನಡಿಯ ಮುಂದೆ ನಿಲ್ಲು. ಗಂಟೆಗಾರ್ತಿಯನ್ನು ಬಿಡು, ನಿನ್ನನ್ನು ಬರೆ. ಮುಖವನ್ನೂ ಕನ್ನಡಿಯಿಂದಲೇ ಬರೆ. ಬರೆದು ನನಗೆ ಕಳಿಸು. ಪದದಲ್ಲಿ ನೀನು ಚೆನ್ನಾಗಿ ಸುಳ್ಳು ಹೇಳುತ್ತೀಯ. ಗೆರೆಯಲ್ಲಿ ನಿನಗೆ ಸುಳ್ಳು ಬರುವುದಿಲ್ಲ.

ದೊಡ್ಡಮ್ಮ


ಆಗಸ್ಟ್ 2

ಗೀಚು,

ಚಿತ್ರ ಬರಲಿಲ್ಲ. ಪತ್ರವೂ ಇಲ್ಲ. ಅಂಚೆಯವನು ಮೊದಲು ಸೈಕಲ್ ನಿಲ್ಲಿಸಿ "ಇಲ್ಲ ಅಮ್ಮ" ಅನ್ನುತ್ತಿದ್ದ. ಈಗ ದೂರದಿಂದಲೇ ಕೈ ಅಲ್ಲಾಡಿಸಿ, ನನ್ನ ಕಡೆ ನೋಡದೆ ಹೋಗುತ್ತಾನೆ. ನಿನ್ನ ಮನೆಗೆ ಫೋನು ಮಾಡೇ ಅಂತ ಗುಂಡಿಯವಳ ಕೈಗೆ ಕೊಟ್ಟೆ. ಗಂಟೆ ಹೊಡೆಯುತ್ತದೆ, ಎತ್ತುವುದಿಲ್ಲ ಅಂತ ಎರಡು ಸಲ ಹೇಳಿದಳು.

ಐದನೇ ಭಾಗವನ್ನು ದಾರದ ಡಬ್ಬದ ಕೆಳಗೆ ಇಟ್ಟಿದ್ದೇನೆ. ಅಲ್ಲಿಂದ ತೆಗೆದು ಕೊನೆಯ ಪುಟ ನೋಡುತ್ತೇನೆ, ಮತ್ತೆ ಇಡುತ್ತೇನೆ. ಕಾಲು ಎತ್ತಿಯೇ ಇದೆ. ನೆನ್ನೆ ಅಳತೆಯ ಗೊಂಬೆಯನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದೆ.

"ಯಾಕಕ್ಕ, ಗೊಂಬೆ ಏನು ತಪ್ಪು ಮಾಡ್ತು?" ಅಂದಳು ಗುಂಡಿಯವಳು.

"ಅದಕ್ಕೆ ಮುಖ ಇಲ್ಲ. ಅದೇ ತಪ್ಪು."

"ಮುಖ ಇಲ್ದೆ ಇದ್ದದ್ದನ್ನ ತಿರುಗಿಸಿದ್ರೇನು, ಬಿಟ್ರೇನು?"

ಅಷ್ಟು ಅಂದು ಅವಳು ನನ್ನ ಪಕ್ಕದಲ್ಲೇ ಕೂತಳು.

ಕೋಪ ಇದ್ದರೆ ಬೈದು ಬರೆ. ಬೈಯಲು ಮನಸ್ಸಿಲ್ಲದಿದ್ದರೆ ಖಾಲಿ ಹಾಳೆ ಕಳಿಸು. ಲಕೋಟೆಯ ಮೇಲೆ ವಿಳಾಸ ನಿನ್ನ ಅಕ್ಷರದಲ್ಲಿದ್ದರೆ ಸಾಕು.

ದೊಡ್ಡಮ್ಮ


ಆಗಸ್ಟ್ 21

ದೊಡ್ಡಮ್ಮ,

ಪಾರ್ಸೆಲ್ಲಿನಲ್ಲಿ ಕೋಟು ಇದೆ. ಮೊದಲು ಪತ್ರ ಓದಿ, ಆಮೇಲೆ ಅದನ್ನು ಬಿಚ್ಚಿ.

ನೀವು ಕೇಳಿದ ಚಿತ್ರ ಬರೆಯಲು ಕೂತೆ. ಸುಳ್ಳು ನಿಮ್ಮದು ಅಂತ ತೋರಿಸಿ ಕಳಿಸೋಣ ಅಂತಲೇ ಕೂತದ್ದು. ಕೋಟು, ತೋಳು, ಕಾಲರ್ ಎಲ್ಲ ಬೇಗ ಬಂತು, ಅಭ್ಯಾಸದ ಕೈ. ಆಮೇಲೆ ಮುಖ. ಕನ್ನಡಿಯನ್ನೇ ನೋಡುತ್ತಾ ಬರೆದೆ, ಹಾಳೆ ನೋಡಲಿಲ್ಲ. ಮುಗಿಸಿ ಹಾಳೆ ನೋಡಿದರೆ ಅಲ್ಲಿ ಅಮ್ಮ ನಿಂತಿದ್ದಳು. ಕೊನೆಯ ವರ್ಷದ ಅಮ್ಮ. ಅದನ್ನು ನಿಮಗೆ ಕಳಿಸಲು ಧೈರ್ಯ ಬರಲಿಲ್ಲ. ಬೀರುವಿನ ಹಿಂದೆ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೇನೆ.

ಎಡಗಡೆ, ಪಕ್ಕೆಲುಬಿನ ಕೆಳಗೆ, ಏನೋ ಗಟ್ಟಿಯಾಗಿದೆ. ನಾಲ್ಕನೇ ಭಾಗ ಮುಗಿಸುವಾಗ ಮೊದಲ ಸಲ ಕೈಗೆ ಸಿಕ್ಕಿತು. ಅಲ್ಲಿಂದ ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಸೋಮಾರಿತನ ಅಂದಿರಲ್ಲ, ಅದು ಆ ಕೈ. ಅಮ್ಮ ಕೈ ಇಟ್ಟುಕೊಳ್ಳುತ್ತಿದ್ದದ್ದೂ ಅಲ್ಲೇ. ಯಾರಿಗೂ ಹೇಳಿಲ್ಲ. ರಾತ್ರಿಯೆಲ್ಲ ಕೂತು ಬರೆದು ಸೊರಗಿದ್ದೇನೆ ಅಂತ ಯಜಮಾನರು ಅಂದುಕೊಂಡಿದ್ದಾರೆ. ಅವರು ಎದುರಿಗೆ ಕೂತಾಗ ಉಣ್ಣುತ್ತೇನೆ. ಆಮೇಲೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಆಸ್ಪತ್ರೆಗೆ ಹೋಗಿಲ್ಲ ಅಂತಲ್ಲ. ಎರಡು ಸಲ ಹೋದೆ. ಎರಡು ಸಲವೂ ಡಾಕ್ಟರ ಕೋಣೆಯ ಬಾಗಿಲಿನಿಂದ ವಾಪಸ್ ಬಂದೆ. ಬಾಗಿಲಲ್ಲೇ ತೂಕದ ಮಷೀನು ಇಟ್ಟಿರುತ್ತಾರೆ ದೊಡ್ಡಮ್ಮ. ಪಕ್ಕದಲ್ಲಿ ಬಿಳಿ ಬಟ್ಟೆಯ ನರ್ಸು ಕೂತಿರುತ್ತಾರೆ. ತಲೆ ಎತ್ತದೆ "ಮೇಲೆ ನಿಲ್ಲಿ" ಅನ್ನುತ್ತಾರೆ. ಅಮ್ಮನ ಜೊತೆ ಹೋಗುತ್ತಿದ್ದಾಗ ಮುಳ್ಳು ನೋಡುವುದು ನನ್ನ ಕೆಲಸವಾಗಿತ್ತು, ಅಮ್ಮನಿಗೆ ಬಗ್ಗಲು ಆಗುತ್ತಿರಲಿಲ್ಲ. "ಎಷ್ಟಾಯ್ತೇ?" ಅಂತ ಕೇಳುತ್ತಿದ್ದಳು. ಪ್ರತಿ ಸಲ ಇಳಿದಿರುತ್ತಿತ್ತು. ನಾನು ಹಿಂದಿನ ಸಲದ್ದನ್ನೇ ಹೇಳುತ್ತಿದ್ದೆ. ಆ ಮಷೀನೇ ಅವಳನ್ನು ತಿನ್ನುತ್ತಿದೆ, ಅದರ ಮೇಲೆ ನಿಲ್ಲದಿದ್ದರೆ ಅಮ್ಮ ಉಳಿಯುತ್ತಾಳೆ ಅಂತ ನಾನು ನಂಬಿದ್ದೆ. ಈಗ ದೊಡ್ಡವಳಾಗಿದ್ದೇನೆ, ಹಾಗಲ್ಲ ಅಂತ ಗೊತ್ತು. ಆದರೂ ಕಾಲು ಎತ್ತಿದೆ, ಇಡಲು ಆಗಲಿಲ್ಲ. "ಚೀಟಿ ಮರೆತು ಬಂದಿದೀನಿ" ಅಂತ ಹೇಳಿ ಮೆಟ್ಟಿಲು ಇಳಿದುಬಿಟ್ಟೆ. ಮನೆಗೆ ಬಂದು ಐದನೇ ಭಾಗದ ಕೊನೆಯ ಪುಟ ಬರೆದೆ.

ಅದಕ್ಕೇ ಆರನೇ ಭಾಗ ನಿಂತಿದೆ. ಅವಳು ಕಾಲಿಟ್ಟ ಮೇಲೆ ಏನಾಗುತ್ತದೆ ಅಂತ ನನಗೆ ಗೊತ್ತಿಲ್ಲ.

ಕೋಟನ್ನು ಭುಜದಲ್ಲಿ ಸ್ವಲ್ಪ ಹಿಡಿದು ಕಳಿಸಿ ದೊಡ್ಡಮ್ಮ. ಯಜಮಾನರ ಕಣ್ಣಿಗೆ ಬೀಳಬಾರದು. ಅಷ್ಟು ಮಾಡಿಕೊಡಿ, ಬೇರೇನೂ ಬೇಡ.

ಗೀಚು


ಆಗಸ್ಟ್ 26

ಗೀಚು,

ಪತ್ರ ಮೊದಲು ಓದಿ ಅಂದಿದ್ದೆ. ನಾನು ಕೋಟು ಮೊದಲು ಬಿಚ್ಚಿದೆ. ನನಗೆ ಅಕ್ಷರಕ್ಕಿಂತ ಬಟ್ಟೆ ಬೇಗ ಓದಲು ಬರುತ್ತದೆ. ಒಳಗಡೆ ಎಡಪಕ್ಕದಲ್ಲಿ ಒಂದು ಅಂಗೈಯಗಲ ಲೈನಿಂಗ್ ಸವೆದು ಜಾಲರಿಯಾಗಿದೆ. ಕೋಟಿನ ಬೇರೆ ಯಾವ ಕಡೆಯೂ ಹಾಗಿಲ್ಲ. ಅದರ ಮೇಲೆ ನನ್ನ ಅಂಗೈ ಇಟ್ಟು ನೋಡಿದೆ. ಆಮೇಲೆ ಸ್ಟೂಲು ಎಳೆದು ಕೂತು ನಿನ್ನ ಪತ್ರ ಓದಿದೆ.

ಕೋಟನ್ನು ಹಿಡಿಯುವುದಿಲ್ಲ. ನೀನು ಕೇಳಿದ್ದರಲ್ಲಿ ನಾನು ಇಲ್ಲ ಅಂದದ್ದು ಇದೊಂದೇ ಇರಬೇಕು. ಸವೆದ ಕಡೆ ಹೊಸ ತುಂಡು ಹಾಕಿದ್ದೇನೆ, ಮೆತ್ತಗಿನದು, ಕೈಗೆ ಹಿತವಾಗಲಿ ಅಂತ. ಭುಜ ಮುಟ್ಟಿಲ್ಲ. ನೀನು ಕೋಟಿಗೆ ತುಂಬಿಕೊಳ್ಳಬೇಕು, ಕೋಟು ನಿನ್ನ ಜೊತೆ ಸೇರಿ ಸುಳ್ಳು ಹೇಳಬಾರದು. ಅಲ್ಲಿಯವರೆಗೆ ಅದು ಜಾರಿಯೇ ಇರಲಿ. ಅಳಿಯನ ಕಣ್ಣಿಗೆ ಬೀಳಲಿ.

ಏನೂ ಆಗುವುದಿಲ್ಲ, ಹೆದರಬೇಡ ಅಂತ ಬರೆಯಲು ಪೆನ್ನು ಎತ್ತಿದೆ. ಬರೆಯಲಿಲ್ಲ. ಅದು ಏನು ಅಂತ ನನಗೆ ಗೊತ್ತಿಲ್ಲ. ಒಳ್ಳೆಯದೂ ಇರಬಹುದು, ಕೆಟ್ಟದ್ದೂ ಇರಬಹುದು. ನನಗೂ ಭಯವಾಗಿದೆ. ಈ ತುಂಡು ಹಾಕುವಾಗ ಸೂಜಿಗೆ ದಾರ ಪೋಣಿಸಿಕೊಟ್ಟದ್ದು ಗುಂಡಿಯವಳು. "ಅಕ್ಕ, ನಾನೇ ಹೊಲೀಲಾ?" ಅಂದಳು. "ಗುಂಡಿ ಮಾರೋರು ಗುಂಡಿ ಮಾರ್ಬೇಕು" ಅಂದೆ. ಅಂದು ನಾನೇ ಹೊಲಿದೆ. ಹೊಲಿಗೆ ಸ್ವಲ್ಪ ಸೊಟ್ಟಗಿದೆ. ಬೈಯಬೇಡ.

ಈಗ ನಿನ್ನ ಪುಸ್ತಕದ ಬಗ್ಗೆ. ಓದುಗರ ಪುಟಕ್ಕೆ ಹಾಕುವುದಿದ್ದರೆ ಇದನ್ನು ಹಾಕು, ಮೊದಲಿನದನ್ನು ಬಿಡು. ನಿನ್ನ ಕಥೆಯಲ್ಲಿ ದೊಡ್ಡ ತಪ್ಪೊಂದಿದೆ. ಭುಜದ ಹೊಲಿಗೆ ಅಲ್ಲ, ಅದೊಂದೇ ಅದರಲ್ಲಿ ನಿಜ. ತಪ್ಪಿರುವುದು ತೂಕದವನಲ್ಲಿ. ನಾನು ಜೀವಮಾನವೆಲ್ಲ ಜನರ ಅಳತೆ ತೆಗೆದಿದ್ದೇನೆ. ನನ್ನ ಟೇಪು ಯಾರ ಸೊಂಟದಿಂದಲೂ ಒಂದೆಳೆ ಕಿತ್ತುಕೊಂಡಿಲ್ಲ. ದಪ್ಪಗಾದವರು ಟೇಪಿಗೆ ಬೈಯುತ್ತಾರೆ, ಸಣ್ಣಗಾದವರು ಟೇಪಿಗೆ ಹೆದರುತ್ತಾರೆ, ಅದು ಸುಮ್ಮನೆ ಕುತ್ತಿಗೆಯಲ್ಲಿ ನೇತಾಡುತ್ತದೆ. ಅಳೆಯುವವನು ಕಳ್ಳನಲ್ಲ ಗೀಚು. ಕಳ್ಳ ಒಳಗೆ ಕೂತಿದ್ದಾನೆ. ತಕ್ಕಡಿ ಬರೀ ಚಾಡಿ ಹೇಳುತ್ತದೆ. ಕಳ್ಳ ಮನೆಯಲ್ಲಿದ್ದಾಗ ಚಾಡಿಕೋರರ ಬಾಯಿ ಮುಚ್ಚಿಸಬಾರದು.

ಇನ್ನೊಂದು. ನೀನು ಹಿಂದಿನ ಸಲದ್ದನ್ನೇ ಹೇಳುತ್ತಿದ್ದೆ ಅಂತ ನಿನ್ನಮ್ಮನಿಗೆ ಗೊತ್ತಿತ್ತು. ಕೊನೆಗೆ ಮಂಚದ ಪಕ್ಕ ಕೂತಾಗ ನನಗೆ ಹೇಳಿದ್ದಳು. "ಮಗು ನನ್ನ ತೂಕ ಇಳಿಯೋಕೇ ಬಿಡ್ತಿಲ್ಲ ಅಕ್ಕ" ಅಂತ. ಹೇಳಿ ನಕ್ಕಿದ್ದಳು. ಬಹಳ ದಿನದ ಮೇಲೆ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅದು. ಅವಳಿಗೆ ಹೊತ್ತು ಮೀರಿತ್ತು. ನಿನಗೆ ಮೀರಿದೆಯೋ ಇಲ್ಲವೋ ಅಂತ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಗೊತ್ತಿರುವವರು ಆ ಮಷೀನಿನ ಆಚೆಗಿನ ಕೋಣೆಯಲ್ಲಿ ಕೂತಿದ್ದಾರೆ.

ಅಳಿಯನಿಗೆ ನಾನೇ ಬರೆಯಬಹುದಿತ್ತು. ವಿಳಾಸ ಒಂದೇ. ಬರೆದಿಲ್ಲ. ನೀನೇ ಹೇಳು. ಅವನು ರೈಲು ಬಿಟ್ಟು ಬಂದು ಬೂಟು ಬಿಚ್ಚುವ ಮೊದಲೇ ಹೇಳು, ಆಮೇಲೆ ಅಂದರೆ ಆಗುವುದಿಲ್ಲ. ಬೀರುವಿನ ಹಿಂದಿನ ಚಿತ್ರ ತೆಗೆದು ಅವನ ಕೈಗೆ ಕೊಡು, ಹೇಳಲು ಬಾಯಿ ಬರದಿದ್ದರೆ ಅದೇ ಸಾಕು. ಅವನ ಜೊತೆ ಆಸ್ಪತ್ರೆಗೆ ಹೋಗು. ಮುಳ್ಳನ್ನು ಅವನು ನೋಡಲಿ, ನೀನು ಗೋಡೆ ನೋಡು. ಎತ್ತಿದ ಕಾಲನ್ನು ಇಡು. ಇನ್ನೊಂದನ್ನೂ ಇಡು.

ಡಾಕ್ಟರು ಹೇಳಿದ್ದನ್ನು ನೀನು ಬರೆಯಬೇಡ. ನೀನು ಹಿಂದಿನ ಸಲದ್ದು ಹೇಳುವವಳು. ಅಳಿಯನ ಅಕ್ಷರದಲ್ಲಿ ಬರೆಸು, ಕೆಳಗೆ ಗೀಚು ಅಂತ ನೀನು ಸಹಿ ಹಾಕು. ಪತ್ರ ಬರಲಿಲ್ಲವೆಂದರೆ ನಾನು ಬಸ್ಸು ಹತ್ತುತ್ತೇನೆ. ಬಸ್ಸಿನಲ್ಲಿ ನನಗೆ ವಾಂತಿಯಾಗುತ್ತದೆ ಅಂತ ನಿನಗೆ ಗೊತ್ತು, ಪಕ್ಕದಲ್ಲಿ ಕೂತವರ ಪಾಪ ನಿನಗೇ ಸುತ್ತಿಕೊಳ್ಳುತ್ತದೆ.

ಸೆಪ್ಟೆಂಬರ್ ಹತ್ತರೊಳಗೆ ಉತ್ತರ ನನ್ನ ಕಟಿಂಗ್ ಮೇಜಿನ ಮೇಲೆ ಇರಬೇಕು.

ದೊಡ್ಡಮ್ಮ